ಇಮ್ಮಡಿ ಸ್ವಾಪ್: ಒಂದು ಗಣಕ ಸಂಪ್ರದಾಯದ ಪೂರ್ವಕಥೆ

ರಾಯದುರ್ಗಕ್ಕೆ ಸೇರಿದ ಗುಮ್ಮಘಟ್ಟದ ಸೀಮೆಯು ಮಳೆಯ ಕೃಪೆಗೆ ಹೆಚ್ಚಾಗಿ ಪಾತ್ರವಾದುದಲ್ಲ. ವೇದಾವತಿಯು ಹಗರಿಯೆಂಬ ಹೆಸರಿನಿಂದ ಹರಿದುಹೋಗುವ ಈ ನೆಲವು ಬಹುಕಾಲ ಬಳ್ಳಾರಿ ಜಿಲ್ಲೆಯ ಅಂಗವಾಗಿದ್ದು, 1953ನೆಯ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಸ್ಥಾಪಿತವಾದಾಗ ಆದವಾನಿ ಮತ್ತು ಆಲೂರು ತಾಲ್ಲೂಕುಗಳೊಡನೆ ಆ ರಾಜ್ಯಕ್ಕೆ ಸಂದು, ಅನಂತಪುರ ಜಿಲ್ಲೆಯೊಳಗೆ ಸೇರಿಹೋಯಿತು. ಆಡಳಿತದ ಗೆರೆ ಬದಲಾದರೂ ಮನೆಯೊಳಗಿನ ಕನ್ನಡ ಬದಲಾಗಲಿಲ್ಲ. 1876ರಿಂದ 1878ರವರೆಗೆ ಈ ಜಿಲ್ಲೆಗಳನ್ನು ಬರಿದುಮಾಡಿದ ಧಾತು ಈಶ್ವರ ಸಂವತ್ಸರಗಳ ಬರವು ಕಲಿಸಿಹೋದ ಎಚ್ಚರವೂ ಬದಲಾಗಲಿಲ್ಲ. ಜೋಳ ರಾಗಿಗಳು ಕೈತುಂಬ ಬೆಳೆದ ವರ್ಷದಲ್ಲಿ ಮುಂದಣ ಬರವನ್ನು ನೆನೆದು, ಗಟ್ಟಿನೆಲದಲ್ಲಿ ಬಾಯಿ ಕಿರಿದಾಗಿಯೂ ಒಡಲು ಹಿರಿದಾಗಿಯೂ ಇರುವ ಹಗೇವನ್ನು ತೋಡಿ, ಅದರ ಒಳಮೈಗೆ ಹುಲ್ಲನ್ನು ಹೊದಿಸಿ, ಕಾಳನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿಬಿಡುವುದು ಬಳ್ಳಾರಿ, ಚಿತ್ರದುರ್ಗ, ಅನಂತಪುರಗಳ ರೈತಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿಯಾಗಿದ್ದಿತು. ನಿತ್ಯದ ಅಡುಗೆಗೆ ಬೇಕಾದುದು ಮನೆಯೊಳಗಿನ ಗುಡಾಣದಲ್ಲಿ; ಇಂದು ಬೇಡವಾಗಿದ್ದು ಎಂದಾದರೊಂದು ದಿನ ಬೇಕಾಗಿಯೇ ತೀರುವುದು ನೆಲದೊಳಗೆ. ಹಗೇವಿನಿಂದ ಕಾಳು ತೆಗೆಯುವುದು ಗುಡಾಣಕ್ಕೆ ಕೈಹಾಕಿದಷ್ಟು ಸುಲಭವಲ್ಲ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿಯು ಹೊರಹೋಗುವವರೆಗೆ ಕಾದು, ದೀಪವನ್ನಿಳಿಸಿ ಪರೀಕ್ಷಿಸಿ, ಆಮೇಲೆ ಆಳನ್ನಿಳಿಸಬೇಕು. ಆ ಶ್ರಮವನ್ನು ಬಲ್ಲ ಗೃಹಸ್ಥನು ಯಾವುದನ್ನು ಹತ್ತಿರ ಇಡಬೇಕು, ಯಾವುದನ್ನು ದೂರ ಇಡಬೇಕು ಎಂಬ ವಿವೇಕವನ್ನು ಸಹಜವಾಗಿಯೇ ಪಡೆದಿದ್ದನು.

ಗಣಕಯಂತ್ರದೊಳಗೂ ಇಂಥದೇ ಎರಡು ನೆಲೆಗಳುಂಟು. ರ್ಯಾಮ್ ಎಂದು ಎಲ್ಲರೂ ಕರೆಯುವ ಪ್ರಧಾನ ಸ್ಮೃತಿಯು ಶೀಘ್ರವಾದುದು, ಬೆಲೆಯುಳ್ಳದ್ದು, ಪರಿಮಿತವಾದುದು. ಹಾರ್ಡ್ ಡಿಸ್ಕು ಮಂದವಾದುದು, ಅಗ್ಗವಾದುದು, ವಿಶಾಲವಾದುದು. ಪ್ರಧಾನ ಸ್ಮೃತಿಯಲ್ಲಿ ಎಡೆ ಸಾಲದಾದಾಗ, ಸದ್ಯಕ್ಕೆ ಕೆಲಸವಿಲ್ಲದ ಸ್ಮೃತಿಯ ತುಂಡುಗಳನ್ನು, ಎಂದರೆ ಪುಟಗಳನ್ನು, ಡಿಸ್ಕಿನಲ್ಲಿ ಮೀಸಲಿಟ್ಟ ಒಂದು ಭಾಗಕ್ಕೆ ಸಾಗಿಸಿ, ಬೇಕಾದಾಗ ಮರಳಿ ತರುವ ವ್ಯವಸ್ಥೆಯೇ ಸ್ವಾಪ್. ಈ ಮೀಸಲು ಭಾಗವನ್ನು ಎಷ್ಟು ದೊಡ್ಡದಾಗಿ ಮಾಡಬೇಕೆಂಬ ಪ್ರಶ್ನೆಗೆ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮನೆಯ ಗಣಕದಲ್ಲಿ ಸ್ಥಾಪಿಸತೊಡಗಿದ ಕಾಲದಿಂದ ನಮ್ಮಲ್ಲಿ ಒಂದೇ ಉತ್ತರವು ಬಾಯಿಂದ ಬಾಯಿಗೆ ಬಂದಿದೆ: ರ್ಯಾಮಿನ ಇಮ್ಮಡಿ. 64 ಮೆಗಾಬೈಟಿಗೆ 128, 256ಕ್ಕೆ 512. ಹೇಳಿದವರು ಕಾರಣ ಹೇಳಲಿಲ್ಲ, ಕೇಳಿದವರು ಕಾರಣ ಕೇಳಲಿಲ್ಲ. ನಿಯಮವು ಆಚಾರವಾಗಿ ನಿಂತಿತು. ಆಚಾರಕ್ಕೆ ಹುಟ್ಟೆಂಬುದೊಂದು ಇದ್ದೇ ಇರುತ್ತದೆ. ಇದರ ಹುಟ್ಟನ್ನು ಅರಸುತ್ತ ಹೋದರೆ ಗಣಕಯಂತ್ರಗಳ ಬಾಲ್ಯದವರೆಗೂ ಹೋಗಬೇಕಾಗುತ್ತದೆ.

ಆ ಬಾಲ್ಯದಲ್ಲಿ ಸ್ಮೃತಿಯ ದಾರಿದ್ರ್ಯವು ಇಂದು ಊಹಿಸಲು ಕಷ್ಟವಾದಷ್ಟು ದೊಡ್ಡದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಿರ್ಮಿತವಾಗಿ 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರಾಕ್ ಯಂತ್ರದಲ್ಲಿ ತಲಾ 40 ಬಿಟ್ಟುಗಳ 2,048 ಪದಗಳಿಗೆ ಮಾತ್ರವೇ ಸ್ಥಳವಿದ್ದಿತು. ಇಂದಿನ ಲೆಕ್ಕದಲ್ಲಿ ಹತ್ತು ಕಿಲೋಬೈಟು. ಕ್ರಮವಿಧಿಯು ಸ್ಮೃತಿಗಿಂತ ದೊಡ್ಡದಾದರೆ, ಅದನ್ನು ಬರೆದವನೇ ತುಂಡುಗಳಾಗಿ ವಿಂಗಡಿಸಿ, ಯಾವ ತುಂಡು ಯಾವಾಗ ಒಳಗೆ ಬರಬೇಕು, ಯಾವುದರ ಮೇಲೆ ಯಾವುದು ಕೂಡಬೇಕು ಎಂಬುದನ್ನು ತಾನೇ ಗೊತ್ತುಮಾಡಬೇಕಾಗಿದ್ದಿತು. ಗಣಿತದ ಸಮಸ್ಯೆಯನ್ನು ಬಿಡಿಸಲು ಕುಳಿತ ವಿದ್ವಾಂಸನ ಶ್ರಮದ ಬಹುಭಾಗ ಈ ಸಾಗಣೆಯ ಲೆಕ್ಕದಲ್ಲಿಯೇ ಸವೆದುಹೋಗುತ್ತಿದ್ದಿತು.

ಈ ಹೊರೆಯನ್ನು ಮನುಷ್ಯನಿಂದ ಇಳಿಸಿ ಯಂತ್ರಕ್ಕೇ ಹೊರಿಸಬಹುದೆಂಬ ಆಲೋಚನೆಯನ್ನು ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಫ್ರಿಟ್ಜ್ ರುಡಾಲ್ಫ್ ಗ್ಯುಂಟ್ಶ್ ಎಂಬ ತರುಣ ವಿದ್ವಾಂಸನು 1956ರ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ವಿವರಿಸಿದನು. ಆತನಿಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲವೆಂಬುದು ನನ್ನ ಭಾವನೆ. ಆಲೋಚನೆಯನ್ನು ಕಾರ್ಯರೂಪಕ್ಕೆ ತಂದ ಗೌರವವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟಾಮ್ ಕಿಲ್ಬರ್ನ್ ಮತ್ತು ಅವರ ಸಹೋದ್ಯೋಗಿಗಳದು. ಫೆರಾಂಟಿ ಸಂಸ್ಥೆಯೊಡನೆ ಕೂಡಿ ಅವರು ರಚಿಸಿದ ಅಟ್ಲಾಸ್ ಯಂತ್ರವು 1962ರ ಡಿಸೆಂಬರ್ 7ರಂದು ಉದ್ಘಾಟಿತವಾಯಿತು. ಅದರ ಕಾಂತೀಯ ಸ್ಮೃತಿಯಲ್ಲಿದ್ದ ಸ್ಥಳ ತಲಾ 48 ಬಿಟ್ಟುಗಳ 16,384 ಪದಗಳಿಗೆ. ಅದರ ಬೆನ್ನಿಗಿದ್ದ ತಿರುಗುವ ಡ್ರಮ್ಮುಗಳಲ್ಲಿ ಅದರ ಆರು ಮಡಿ, ಎಂದರೆ 98,304 ಪದಗಳಿಗೆ. ಸ್ಮೃತಿಯನ್ನು 512 ಪದಗಳ 32 ಪುಟಗಳನ್ನಾಗಿ ವಿಭಾಗಿಸಿ, ಪ್ರತಿಯೊಂದು ಪುಟಕ್ಕೂ ಅದರಲ್ಲಿ ಸದ್ಯ ಏನಿದೆಯೆಂಬುದನ್ನು ತಿಳಿಸುವ ಒಂದು ದಾಖಲೆಯನ್ನು ಯಂತ್ರಾಂಗದಲ್ಲಿಯೇ ಇರಿಸಿದರು. ಕ್ರಮವಿಧಿಯು ಕೇಳಿದ ಪುಟವು ಒಳಗಿಲ್ಲದಿದ್ದರೆ ಯಂತ್ರವು ತಾನಾಗಿಯೇ ಕೆಲಸವನ್ನು ತಡೆದು, ಡ್ರಮ್ಮಿನಿಂದ ಪುಟವನ್ನು ತಂದು, ಮತ್ತೆ ಮುಂದುವರಿಸುತ್ತಿದ್ದಿತು. ಯಾವ ಪುಟವು ಹೊರಗೆ ಹೋಗತಕ್ಕುದೆಂಬುದನ್ನು ಹಿಂದಿನ ಬಳಕೆಯಿಂದ ಪಾಠ ಕಲಿಯುವ ಒಂದು ಕ್ರಮವು ನಿರ್ಧರಿಸುತ್ತಿದ್ದಿತು. ಕ್ರಮವಿಧಿಯನ್ನು ಬರೆದವನಿಗೆ ಎರಡು ನೆಲೆಗಳು ತೋರುತ್ತಿರಲಿಲ್ಲ. ಒಂದೇ ವಿಶಾಲವಾದ ಸ್ಮೃತಿಯು ತನ್ನ ಮುಂದಿರುವಂತೆ ತೋರುತ್ತಿದ್ದಿತು. ಸ್ಮೃತಿಯ ಒಂದು ಆವರ್ತನಕ್ಕೆ 2 ಮೈಕ್ರೋಸೆಕೆಂಡು, ಡ್ರಮ್ಮಿನ ಒಂದು ಸುತ್ತಿಗೆ ಸುಮಾರು 12 ಮಿಲಿಸೆಕೆಂಡು ಹಿಡಿಯುತ್ತಿದ್ದ ಕಾಲದಲ್ಲಿ ಈ ಅಂತರವನ್ನು ಬಳಸುವವನ ಕಣ್ಣಿಗೆ ಬೀಳದಂತೆ ಮುಚ್ಚಿದುದು ಅಸಾಮಾನ್ಯವಾದ ಸಾಧನೆ. ಇಂದು ನಮ್ಮ ಮೇಜಿನ ಮೇಲಿನ ಪ್ರತಿಯೊಂದು ಗಣಕವೂ ಅಟ್ಲಾಸಿನ ಈ ಋಣವನ್ನು ಹೊತ್ತಿದೆ.

ಅದೇ ಕಾಲದಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರು ಬೇರೊಂದು ಮಾರ್ಗದಿಂದ ಇದೇ ಸಮಸ್ಯೆಯನ್ನು ಎದುರಿಸಿದರು. ಒಂದೇ ಯಂತ್ರವನ್ನು ಅನೇಕರು ಸರದಿಯಂತೆ ಬಳಸುವ ಅವರ ಸಿ.ಟಿ.ಎಸ್.ಎಸ್. ವ್ಯವಸ್ಥೆಯನ್ನು 1961ರ ನವೆಂಬರಿನಲ್ಲಿ ಪ್ರದರ್ಶಿಸಲಾಯಿತು. ಅದರಲ್ಲಿ ಒಬ್ಬನ ಸರದಿ ಮುಗಿದಾಗ ಅವನ ಕೆಲಸವನ್ನು ಇಡಿಯಾಗಿ ಹೊರಗೆ ಬರೆದಿಟ್ಟು, ಮತ್ತೊಬ್ಬನ ಕೆಲಸವನ್ನು ಇಡಿಯಾಗಿ ಒಳಗೆ ತರಲಾಗುತ್ತಿದ್ದಿತು. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಕೂಡ ಮೊದಲ ದಶಕದಲ್ಲಿ ಹೀಗೆಯೇ, ಪುಟಪುಟವಾಗಿ ಅಲ್ಲದೆ ಇಡಿ ಇಡಿಯಾಗಿ, ಅದಲುಬದಲು ಮಾಡುತ್ತಿದ್ದಿತು.

ಪುಟಗಳನ್ನು ಹೊರಗೆ ಹಾಕುವುದು ಸುಲಭ. ಯಾವ ಪುಟವನ್ನು ಎಂಬುದೇ ಕಠಿನ. ಐ.ಬಿ.ಎಂ. ಸಂಸ್ಥೆಯ ಲಾಸ್ಲೊ ಬೆಲಾಡಿಯವರು 1966ರಲ್ಲಿ ಇದರ ಆದರ್ಶವನ್ನು ತೋರಿಸಿದರು: ಭವಿಷ್ಯದಲ್ಲಿ ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪುಟವನ್ನೇ ಹೊರಗೆ ಕಳುಹಿಸತಕ್ಕದ್ದು. ಭವಿಷ್ಯವನ್ನು ಯಂತ್ರವೂ ಅರಿಯದಾದ್ದರಿಂದ ಈ ಆದರ್ಶವು ಉಳಿದ ಕ್ರಮಗಳನ್ನು ತೂಗುವ ಅಳತೆಗೋಲಾಗಿ ಮಾತ್ರ ಉಳಿಯಿತು. ಆದರೆ ಈ ಸಮಗ್ರ ಇತಿಹಾಸದಲ್ಲಿ ನನಗೆ ಅತ್ಯಂತ ಗಹನವಾಗಿ ಕಾಣುವ ವಿಚಾರವು ಪೀಟರ್ ಡೆನ್ನಿಂಗ್ ಅವರು 1968ರಲ್ಲಿ ಪ್ರತಿಪಾದಿಸಿದುದು. ಒಂದು ಕ್ರಮವಿಧಿಯು ಯಾವುದೇ ಅಲ್ಪಾವಧಿಯಲ್ಲಿ ತನ್ನ ಎಲ್ಲ ಪುಟಗಳನ್ನೂ ಬಳಸುವುದಿಲ್ಲ. ಒಂದು ಸಣ್ಣ ಸಮೂಹದಲ್ಲಿಯೇ ಸುಳಿದಾಡುತ್ತಿರುತ್ತದೆ. ಆ ಕಾರ್ಯನಿರತ ಸಮೂಹವು ಸ್ಮೃತಿಯಲ್ಲಿ ಹಿಡಿದರೆ ಉಳಿದುದೆಲ್ಲ ಹೊರಗಿದ್ದರೂ ಕೆಲಸವು ಸುಗಮವಾಗಿ ಸಾಗುವುದು. ಅದೇ ಹಿಡಿಯದಾದರೆ, ತಂದ ಪುಟವನ್ನು ಬಳಸುವ ಮೊದಲೇ ಅದನ್ನು ಹೊರಗೆ ಹಾಕಬೇಕಾಗಿ ಬಂದು, ಯಂತ್ರದ ಕಾಲವೆಲ್ಲ ಸಾಗಣೆಯಲ್ಲಿಯೇ ವ್ಯಯವಾಗುವುದು. ಹಳೆಯ ಗಣಕದಲ್ಲಿ ಹತ್ತಾರು ಕಿಟಕಿಗಳನ್ನು ತೆರೆದವರು ಡಿಸ್ಕಿನ ದೀಪವು ಎಡೆಬಿಡದೆ ಮಿಟುಕುತ್ತ, ಬಾಣದ ಗುರುತು ಕದಲದೆ ನಿಂತುದನ್ನು ಕಂಡಿದ್ದಾರೆ; ಡೆನ್ನಿಂಗ್ ವಿವರಿಸಿದ ರೋಗವೇ ಅದು. ಸ್ವಾಪ್ ಎಷ್ಟು ದೊಡ್ಡದಾದರೂ ಈ ರೋಗಕ್ಕೆ ಔಷಧವಲ್ಲವೆಂಬುದು ಅಂದಿನಿಂದಲೇ ತಿಳಿದಿದ್ದ ಸತ್ಯ.

ಹಾಗಾದರೆ ಇಮ್ಮಡಿಯ ಸೂತ್ರವು ಎಲ್ಲಿಂದ ಬಂದಿತು? ಅದರ ಜನ್ಮಸ್ಥಾನವು ಬಹುಮಟ್ಟಿಗೆ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಪರಂಪರೆಯಲ್ಲಿದೆ. 1977ರಲ್ಲಿ ಪ್ರಕಟವಾದ ವ್ಯಾಕ್ಸ್ ಗಣಕಕ್ಕಾಗಿ ಬಿಲ್ ಜಾಯ್ ಮತ್ತು ಓಜಾಲ್ಪ್ ಬಾಬಾಒಗ್ಲು ಅವರು ಪುಟವ್ಯವಸ್ಥೆಯನ್ನು ರಚಿಸಿ, 1979ರ ಕೊನೆಯಲ್ಲಿ ಹೊರಬಂದ, ಬಿ.ಎಸ್.ಡಿ. ಎಂದು ಕರೆಯುವ ಬರ್ಕ್ಲಿ ಯೂನಿಕ್ಸಿನ ಮೂರನೆಯ ಆವೃತ್ತಿಯಲ್ಲಿ ಅಳವಡಿಸಿದರು. ಈ ಪರಂಪರೆಯ ವ್ಯವಸ್ಥೆಗಳು ಒಂದು ಕೆಲಸವು ಆರಂಭವಾಗುವಾಗಲೇ ಅದರ ದತ್ತಾಂಶಕ್ಕೆಲ್ಲ ಡಿಸ್ಕಿನಲ್ಲಿ ಸ್ವಾಪ್ ಸ್ಥಳವನ್ನು ಮುಂಗಡವಾಗಿ ಕಾದಿರಿಸುತ್ತಿದ್ದವು. ಆ ಪುಟಗಳು ಎಂದೂ ಸ್ಮೃತಿಯನ್ನು ಬಿಟ್ಟು ಹೋಗದಿದ್ದರೂ ಅವುಗಳ ಸ್ಥಾನವು ಅಲ್ಲಿ ಗೊತ್ತಾಗಿರಬೇಕಾಗಿದ್ದಿತು. ಆದಕಾರಣ ಯಂತ್ರದಲ್ಲಿ ನಡೆಯಬಹುದಾದ ಎಲ್ಲ ಕೆಲಸಗಳ ಒಟ್ಟು ಗಾತ್ರವು ಸ್ಮೃತಿ ಮತ್ತು ಸ್ವಾಪುಗಳ ಮೊತ್ತವಾಗಿರದೆ ಸ್ವಾಪಿನಷ್ಟೇ ಆಗಿರುತ್ತಿದ್ದಿತು. ಸ್ಮೃತಿಯಷ್ಟೇ ಸ್ವಾಪನ್ನು ಇಟ್ಟರೆ ಏನೂ ಲಾಭವಿಲ್ಲ. ಲಾಭವಾಗಬೇಕಾದರೆ ಅದಕ್ಕಿಂತ ಹೆಚ್ಚಿರಬೇಕು. ಎರಡರಷ್ಟಿದ್ದರೆ ಸಾಕಷ್ಟು ಅನುಕೂಲ. ಹೀಗೆ ಇಮ್ಮಡಿಯೆಂಬುದು ಆ ಕಾಲದ ಆ ರಚನೆಗೆ ಸರಿಯಾಗಿ ಹೊಂದಿದ, ಯುಕ್ತಿಯುಕ್ತವಾದ ನಿಯಮವೇ ಆಗಿದ್ದಿತು.

ನಮ್ಮ ನಾಡಿನ ವಿದ್ವಾಂಸರು ಪುಟವ್ಯವಸ್ಥೆಯನ್ನು ಕೈಯಾರೆ ಬಳಸುವ ಭಾಗ್ಯವನ್ನು ಪಡೆದುದು ಸ್ವಲ್ಪ ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1970ರಲ್ಲಿ ತನ್ನ ಗಣಕ ಕೇಂದ್ರವನ್ನು ಐ.ಬಿ.ಎಂ. 360/44 ಯಂತ್ರದೊಡನೆ ಕಟ್ಟಿಕೊಂಡಿತು; ಆ ಯಂತ್ರದಲ್ಲಿ ಪುಟಗಳ ಅನುಕೂಲವಿರಲಿಲ್ಲ, ಕ್ರಮವಿಧಿಯನ್ನು ಸ್ಮೃತಿಯ ಗಾತ್ರಕ್ಕೆ ತಕ್ಕಂತೆ ಕತ್ತರಿಸುವ ಹಳೆಯ ತಪಸ್ಸು ಮುಂದುವರಿಯಬೇಕಾಯಿತು. ಎಂಬತ್ತರ ದಶಕದ ಆದಿಭಾಗದಲ್ಲಿ ಪುಟಗಳ ಅನುಕೂಲವಿದ್ದ ಡೆಕ್ 1090 ಬಂದಿತು. 1982ರಲ್ಲಿ ಕಾನ್ಪುರದಿಂದ ವಿ. ರಾಜಾರಾಮನ್ ಅವರು ಬಂದು ಸಂಸ್ಥೆಯ ಗಣಕವಿಭಾಗಕ್ಕೆ ಹೊಸ ಚೈತನ್ಯವನ್ನು ತಂದರು. ಆದರೆ ಇದೆಲ್ಲ ತಣ್ಣಗಿನ ಗಾಜಿನ ಕೋಣೆಗಳೊಳಗಿನ ಇತಿಹಾಸ. ಹಗರಿಯ ದಂಡೆಯ ಊರಿನವನ ಮೇಜಿಗೆ ಅದು ಇಳಿದು ಬರಲು ಮತ್ತೊಂದು ಪೀಳಿಗೆ ಬೇಕಾಯಿತು.

ಇಂಟೆಲ್ ಸಂಸ್ಥೆಯು 1985ರಲ್ಲಿ ಹೊರತಂದ 80386 ಚಿಪ್ಪಿನಲ್ಲಿ 4 ಕಿಲೋಬೈಟಿನ ಪುಟಗಳ ಏರ್ಪಾಟು ಇದ್ದಿತು. ಅಟ್ಲಾಸಿನ ದಿನದಲ್ಲಿ ಒಂದು ಕೋಣೆಯನ್ನೇ ತುಂಬಿದ್ದ ವಿದ್ಯೆಯು ಬೆರಳ ತುದಿಯಷ್ಟು ಸಿಲಿಕಾನಿನೊಳಗೆ ಅಡಕವಾಯಿತು. ವಿಂಡೋಸ್ ಇದನ್ನು ಬಳಸಿಕೊಂಡು ಡಿಸ್ಕಿನ ಮೇಲೆ ಸ್ವಾಪ್ ಫೈಲನ್ನು ತಾನೇ ಸೃಷ್ಟಿಸಿ, ಹಿಗ್ಗಿಸಿ, ಕುಗ್ಗಿಸಿ, ಬಳಸುವವನಿಗೆ ಅದರ ಸುದ್ದಿಯೇ ತಿಳಿಯದಂತೆ ಮಾಡಿತು. ತೊಂಬತ್ತರ ದಶಕದಲ್ಲಿ ಬಳ್ಳಾರಿ, ಬೆಂಗಳೂರುಗಳ ಅಕ್ಷರಜೋಡಣೆಯ ಅಂಗಡಿಗಳಲ್ಲಿ ಪೇಜ್‌ಮೇಕರಿನಲ್ಲಿ ಕನ್ನಡ ಪುಸ್ತಕಗಳನ್ನು ಹೊಂದಿಸುತ್ತಿದ್ದವರು, ಚಿತ್ರಗಳಿರುವ ಪುಟವನ್ನು ತೆರೆದಾಗ ಡಿಸ್ಕಿನ ಸದ್ದು ನಿಲ್ಲುವವರೆಗೂ ಕೈಕಟ್ಟಿ ಕೂರುತ್ತಿದ್ದರು; ಆ ಸದ್ದು ಸ್ವಾಪಿನದು.

ಲಿನಕ್ಸಿನಲ್ಲಿ ಸ್ವಾಪ್ ಹುಟ್ಟಿದ ಪ್ರಸಂಗವು ಬಡತನದಿಂದಲೇ ಹುಟ್ಟಿದುದು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಸೆಪ್ಟೆಂಬರಿನಲ್ಲಿ ತನ್ನ ಮೊದಲ ಆವೃತ್ತಿಯನ್ನು ಹೊರತಂದಾಗ ಅದರಲ್ಲಿ ಸ್ವಾಪ್ ಇರಲಿಲ್ಲ. ಜರ್ಮನಿಯಲ್ಲಿದ್ದ ಒಬ್ಬ ಬಳಕೆದಾರನ ಗಣಕದಲ್ಲಿ ಎರಡೇ ಮೆಗಾಬೈಟು ಸ್ಮೃತಿಯಿದ್ದು, ಅದರಲ್ಲಿ ಲಿನಕ್ಸನ್ನು ಸಂಕಲಿಸುವುದು ಅವನಿಗೆ ಸಾಧ್ಯವಾಗಲಿಲ್ಲ. ಅವನ ಕಷ್ಟವನ್ನು ಕೇಳಿದ ಟೊರ್ವಾಲ್ಡ್ಸ್ ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಕುಳಿತು ಪುಟಗಳನ್ನು ಡಿಸ್ಕಿಗೆ ಕಳುಹಿಸುವ ವ್ಯವಸ್ಥೆಯನ್ನು ಬರೆದನು. 1992ರ ಜನವರಿಯ 0.12ನೆಯ ಆವೃತ್ತಿಯಲ್ಲಿ ಅದು ಎಲ್ಲರಿಗೂ ದೊರಕಿತು. ಮುಖವನ್ನೂ ಕಾಣದ ಒಬ್ಬ ಅಲ್ಪಸಾಧನನ ಅಗತ್ಯಕ್ಕಾಗಿ ಮಾಡಿದ ಈ ಕೆಲಸವು ಮುಂದೆ ಲೋಕದ ಕೋಟ್ಯಂತರ ಅಗ್ಗದ ಯಂತ್ರಗಳಿಗೆ ಆಸರೆಯಾಯಿತೆಂಬುದನ್ನು ನೆನೆದಾಗ ನನಗೆ ಗೌರವವುಂಟಾಗುತ್ತದೆ.

ಆ ಮೊದಲ ಸ್ವಾಪಿಗೆ ಒಂದು ವಿಚಿತ್ರವಾದ ಮಿತಿಯಿದ್ದಿತು. ಯಾವ ಪುಟಸ್ಥಾನಗಳು ಬಳಕೆಗೆ ಯೋಗ್ಯವೆಂಬುದನ್ನು ಒಂದೊಂದು ಬಿಟ್ಟಿನಿಂದ ಸೂಚಿಸುವ ನಕ್ಷೆಯು 4,096 ಬೈಟುಗಳ ಒಂದೇ ಪುಟದಲ್ಲಿ ಅಡಗಬೇಕಾಗಿದ್ದು, ಅದರ ಕೊನೆಯ ಹತ್ತು ಬೈಟುಗಳು ಸ್ವಾಪಿನ ಮುದ್ರಿಕೆಗೆ ಹೋಗುತ್ತಿದ್ದವು. ಉಳಿದ 4,086 ಬೈಟುಗಳ 32,688 ಬಿಟ್ಟುಗಳು ಅಷ್ಟೇ ಪುಟಗಳನ್ನು ಸೂಚಿಸಬಲ್ಲವಾದ್ದರಿಂದ, ಒಂದು ಸ್ವಾಪ್ ವಿಭಾಗವು 128 ಮೆಗಾಬೈಟಿಗೆ ತುಸು ಕಡಮೆಯಲ್ಲಿಯೇ ನಿಲ್ಲುತ್ತಿದ್ದಿತು. ತೊಂಬತ್ತರ ದಶಕದಲ್ಲಿ ಲಿನಕ್ಸ್ ಕಲಿತವರು 127 ಎಂಬ ಸಂಖ್ಯೆಯನ್ನು ಮಂತ್ರದಂತೆ ಪಠಿಸುತ್ತಿದ್ದುದಕ್ಕೆ ಇದೇ ಕಾರಣ. 1999ರ 2.2ನೆಯ ಆವೃತ್ತಿಯ ಹೊತ್ತಿಗೆ ಹೊಸ ಮಾದರಿಯ ಸ್ವಾಪ್ ಬಂದು ಈ ಕಟ್ಟು ಸಡಿಲಿತು.

ಲಿನಕ್ಸಿಗೆ ಬರ್ಕ್ಲಿಯ ಮುಂಗಡ ಕಾದಿರಿಸುವಿಕೆ ಇರಲಿಲ್ಲವಾಗಿ ಇಮ್ಮಡಿಯ ಸೂತ್ರವು ಅಲ್ಲಿ ಸಾಯಬೇಕಾಗಿದ್ದಿತು. ಆದರೆ 2001ರ ಜನವರಿಯಲ್ಲಿ ಬಂದ 2.4ನೆಯ ಆವೃತ್ತಿಯು ಅದಕ್ಕೆ ಪುನಃ ಪ್ರಾಣವನ್ನು ಕೊಟ್ಟಿತು. ಸ್ವಾಪಿನಿಂದ ಮರಳಿ ಬಂದ ಪುಟದ ಒಂದು ಪ್ರತಿಯು ಡಿಸ್ಕಿನಲ್ಲಿ ಹಾಗೆಯೇ ಉಳಿದುಬಿಡುತ್ತಿದ್ದುದರಿಂದ, ಕಾಲಕ್ರಮದಲ್ಲಿ ಸ್ಮೃತಿಯಷ್ಟು ಸ್ವಾಪು ಬರಿಯ ಪ್ರತಿಗಳಿಂದ ತುಂಬಿ ನಿರುಪಯೋಗವಾಗುತ್ತಿದ್ದಿತು. ಅದರ ಮೇಲೆ ಉಳಿದುದಷ್ಟೇ ನಿಜವಾದ ಗಳಿಕೆ. ಆದುದರಿಂದ ಇಮ್ಮಡಿಗೆ ಕಡಮೆಯಾಗದಿರಲಿ ಎಂಬ ಸಲಹೆ ಹೊಸದಾಗಿ ಹೊರಟಿತು. ಅದೇ ವರ್ಷದ ಸೆಪ್ಟೆಂಬರಿನ 2.4.10ರಲ್ಲಿ ಸ್ಮೃತಿವ್ಯವಸ್ಥೆಯನ್ನೇ ಬದಲಿಸಿದರು. ಕಾರಣವು ಕೆಲವೇ ತಿಂಗಳು ಬದುಕಿತು. ಸಲಹೆಯು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದೆ.

ಗಡಿನಾಡಿನ ಕನ್ನಡಿಗನ ಮಟ್ಟಿಗೆ ಈ ಕಾಲವು ಮುಖ್ಯವಾದುದು. ಸರ್ಕಾರದ ವ್ಯವಹಾರವೆಲ್ಲ ತೆಲುಗಿನಲ್ಲಿ ನಡೆಯುವ ಸೀಮೆಯಲ್ಲಿ, ಮನೆಯ ನುಡಿಯಾದ ಕನ್ನಡವನ್ನು ಗಣಕದ ಪರದೆಯ ಮೇಲೆ ಕಾಣುವುದು ಸಾಮಾನ್ಯವಾದ ಸಂತೋಷವಲ್ಲ. ಯೂನಿಕೋಡಿನಲ್ಲಿ ಕನ್ನಡವು 1991ರಿಂದಲೇ ಇದ್ದರೂ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಸಾಧನಗಳು ಲಿನಕ್ಸಿಗೆ ಬಂದುದು 2002ರ ಆಚೆಗೆ, ಗ್ನೋಮ್ ಎಂಬ ಪರದೆಯ ಆವರಣದ ಎರಡನೆಯ ಸರಣಿಯೊಡನೆ; 2007ರಲ್ಲಿ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಭಾರತೀಯ ಭಾಷೆಗಳನ್ನು ಗುರಿಯಾಗಿಟ್ಟುಕೊಂಡು ಹೊರಬಂದಿತು. ಈ ಆವರಣಗಳು ಹಿಂದಿನವುಗಳಿಗಿಂತ ಭಾರವಾದುವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಯಂತ್ರದ 128 ಮೆಗಾಬೈಟಿನಲ್ಲಿ ಅವು ನಡೆಯಬೇಕಾದರೆ ಸ್ವಾಪಿನ ಹೊರತು ಗತಿಯಿರಲಿಲ್ಲ. ಕನ್ನಡದ ಪರದೆಯು ಬಡವನ ಮೇಜಿನ ಮೇಲೆ ಬೆಳಗಿದುದರಲ್ಲಿ ಈ ಅಜ್ಞಾತ ಸೇವಕನಿಗೂ ಒಂದು ಪಾಲುಂಟು.

ಸ್ಥಾಪನೆಯ ವಿಧಾನವು ಆ ದಿನಗಳಲ್ಲಿ ಡಿಸ್ಕನ್ನು ವಿಭಾಗಿಸುವುದರಿಂದ ಆರಂಭವಾಗುತ್ತಿದ್ದಿತು. ಸ್ವಾಪಿಗೆ ಪ್ರತ್ಯೇಕವಾದ ಪಾರ್ಟಿಷನ್ ಮಾಡಿ, ಅದಕ್ಕೆ 82 ಎಂಬ ಸಂಕೇತವನ್ನು ಕೊಟ್ಟು, ಎಂಕೆಸ್ವಾಪ್ ಎಂಬ ಆಜ್ಞೆಯಿಂದ ಮುದ್ರಿಕೆಯನ್ನೊತ್ತಿ, ಸ್ವಾಪ್‌ಆನ್ ಎಂಬುದರಿಂದ ಕಾರ್ಯಕ್ಕೆ ತೊಡಗಿಸಿ, ಯಂತ್ರವು ಪ್ರತಿಸಲ ಏಳುವಾಗಲೂ ತಾನೇ ತೊಡಗುವಂತೆ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಒಂದು ಸಾಲನ್ನು ಬರೆಯಬೇಕಾಗಿದ್ದಿತು. ಒಮ್ಮೆ ಮಾಡಿದ ವಿಭಾಗವನ್ನು ಹಿಗ್ಗಿಸುವುದು ಅಪಾಯದ ಕೆಲಸವಾದ್ದರಿಂದ ಜನರು ಮೊದಲೇ ಹೆಚ್ಚಾಗಿ ಮೀಸಲಿಡುತ್ತಿದ್ದರು. ಇಮ್ಮಡಿಯ ಆಚಾರಕ್ಕೆ ಈ ಭಯವೂ ನೀರೆರೆಯಿತು. 2003ರ ಕೊನೆಗೆ ಬಂದ 2.6ನೆಯ ಆವೃತ್ತಿಯಿಂದೀಚೆಗೆ ಸಾಧಾರಣ ಫೈಲೊಂದು ಪಾರ್ಟಿಷನ್ನಿನಷ್ಟೇ ವೇಗವಾಗಿ ಸ್ವಾಪಿನ ಕೆಲಸವನ್ನು ಮಾಡಬಲ್ಲುದು. 2017ರ ಏಪ್ರಿಲಿನ ಉಬುಂಟು 17.04 ಎಂಬ ಲಿನಕ್ಸ್ ವಿತರಣೆಯು ಅದನ್ನೇ ರೂಢಿಯ ಕ್ರಮವನ್ನಾಗಿ ಸ್ವೀಕರಿಸಿತು. ಫೈಲಾದರೆ ಅದರೊಳಗೆ ಪೊಳ್ಳು ಇರಬಾರದು. ಮತ್ತು ಒಡೆಯನ ಹೊರತು ಬೇರಾರೂ ಅದನ್ನು ಓದಲಾಗದಂತೆ 600 ಎಂಬ ಅನುಮತಿಯನ್ನು ವಿಧಿಸಲೇಬೇಕು, ಏತಕ್ಕೆಂದರೆ ಸ್ಮೃತಿಯಲ್ಲಿದ್ದ ಗುಪ್ತಪದಗಳೂ ಅಲ್ಲಿಗೆ ಹೋಗಿ ಸೇರಬಹುದು.

ಈಚೆಗೆ ಇಮ್ಮಡಿಯ ಆಚಾರಕ್ಕೆ ತೀರ ವಿರುದ್ಧವಾದ ಮತವೊಂದು ಬಲಿಯುತ್ತಿದೆ: ಸ್ಮೃತಿಯು ಅಗ್ಗವಾಗಿರುವಾಗ ಸ್ವಾಪ್ ಬೇಡವೇ ಬೇಡ ಎಂಬುದು. ಇದನ್ನು ನಾನು ಒಪ್ಪಲಾರೆ. ಸ್ಮೃತಿಯಲ್ಲಿರುವ ಪುಟಗಳಲ್ಲಿ ಎರಡು ಬಗೆಯುಂಟು. ಕ್ರಮವಿಧಿಯ ಆಜ್ಞೆಗಳೂ ತೆರೆದ ಫೈಲುಗಳ ಭಾಗಗಳೂ ಡಿಸ್ಕಿನಲ್ಲಿ ಮೂಲವನ್ನುಳ್ಳವು. ಅವನ್ನು ನಿರಾತಂಕವಾಗಿ ಬಿಟ್ಟುಕೊಟ್ಟು ಬೇಕಾದಾಗ ಮತ್ತೆ ಓದಬಹುದು. ಕೆಲಸವು ನಡೆಯುತ್ತಿರುವಾಗ ಹುಟ್ಟಿದ ದತ್ತಾಂಶಕ್ಕಾದರೋ ಅಂಥ ಮೂಲವಿಲ್ಲ. ಸ್ವಾಪ್ ಇಲ್ಲದ ಯಂತ್ರದಲ್ಲಿ ಅದು ಎಷ್ಟು ದಿನ ನಿಷ್ಪ್ರಯೋಜಕವಾಗಿ ಬಿದ್ದಿದ್ದರೂ ಸ್ಮೃತಿಯನ್ನು ಬಿಟ್ಟು ಕದಲಲಾರದು. ಆಗ ಒತ್ತಡವು ಬಂದರೆ ಯಂತ್ರವು ಕಾರ್ಯನಿರತವಾದ ಆಜ್ಞೆಗಳ ಪುಟಗಳನ್ನೇ ಹೊರಗೆ ಹಾಕಿ ಮತ್ತೆ ಮತ್ತೆ ಓದುತ್ತ ತೊಳಲುವುದು; ಕೊನೆಗೆ ಯಾವುದಾದರೊಂದು ಕೆಲಸವನ್ನು ಬಲಿಕೊಡುವುದು. ಎಷ್ಟು ಬೇಗ ಸ್ವಾಪಿಗೆ ಕೈಹಾಕಬೇಕೆಂಬುದನ್ನು ನಿಯಮಿಸುವ ಸ್ವಾಪಿನೆಸ್ ಎಂಬ ಅಂಕವು ರೂಢಿಯಂತೆ 60 ಆಗಿದ್ದು, ಅದನ್ನು ಇಳಿಸಬಹುದು, ಏರಿಸಬಹುದು. ನೆಲೆಯನ್ನೇ ಕಿತ್ತುಹಾಕುವುದು ಬೇರೆ ಮಾತು.

ಲಿನಕ್ಸಿನ 2014ರ 3.14ನೆಯ ಆವೃತ್ತಿಯಲ್ಲಿ ಪಕ್ವವಾಗಿ ಸೇರಿದ, 2020ರ ಫೆಡೋರಾ 33 ವಿತರಣೆಯು ರೂಢಿಯಾಗಿಸಿಕೊಂಡ ಜೆಡ್‌ರ್ಯಾಮ್ ಎಂಬ ಕ್ರಮವು ಪುಟಗಳನ್ನು ಡಿಸ್ಕಿಗೆ ಕಳುಹಿಸದೆ, ಸಂಕುಚಿತಗೊಳಿಸಿ ಸ್ಮೃತಿಯ ಒಂದು ಮೂಲೆಯಲ್ಲಿಯೇ ಇಡುತ್ತದೆ. 2 ಅಥವಾ 4 ಗಿಗಾಬೈಟಿನ ಯಂತ್ರಗಳಿಗೆ ಇದು ಬಹಳ ಒಳ್ಳೆಯದು. ಮಂದವಾದ ಡಿಸ್ಕಿನ ತೊಂದರೆ ಇದರಿಂದ ಬಹಳ ಮಟ್ಟಿಗೆ ತಪ್ಪುವುದು.

ಆದರೆ ವಿದ್ಯುತ್ತು ನೆಚ್ಚಲಾಗದ ಹಳ್ಳಿಗಳಲ್ಲಿ ಡಿಸ್ಕಿನ ಮೇಲಣ ಸ್ವಾಪಿಗೆ ಇನ್ನೂ ಒಂದು ಕಾರ್ಯವುಂಟು. ದೀಪವು ಥಟ್ಟನೆ ಆರಿದರೆ ಸ್ವಾಪಿನಲ್ಲಿದ್ದುದು ಡಿಸ್ಕಿನ ಮೇಲಿದ್ದರೂ ವ್ಯರ್ಥವೇ. ಯಾವ ಪುಟವು ಎಲ್ಲಿದೆಯೆಂದು ಹೇಳುವ ಪಟ್ಟಿಯು ಸ್ಮೃತಿಯೊಡನೆ ಅಳಿದಿರುತ್ತದೆ. ಯು.ಪಿ.ಎಸ್. ನೀಡುವ ಹತ್ತು ಹದಿನೈದು ನಿಮಿಷಗಳಲ್ಲಿ ಯಂತ್ರವನ್ನು ಹೈಬರ್ನೇಟ್ ಮಾಡಿದರೆ ಮಾತ್ರ, ಇಡೀ ಸ್ಮೃತಿಯ ಚಿತ್ರವು ಸ್ವಾಪಿಗೆ ಬರೆಯಲ್ಪಟ್ಟು, ಮರುದಿನ ವಿದ್ಯುತ್ತು ಬಂದಾಗ ನಿಲ್ಲಿಸಿದ ಅಕ್ಷರದಿಂದಲೇ ಕೆಲಸವನ್ನು ಮುಂದುವರಿಸಬಹುದು. ಜೆಡ್‌ರ್ಯಾಮಿನಿಂದ ಇದು ಆಗದು. ಇದಕ್ಕೆ ಡಿಸ್ಕಿನಲ್ಲಿ ಇಮ್ಮಡಿಯಲ್ಲದಿದ್ದರೂ ರ್ಯಾಮಿನಷ್ಟು ಗಾತ್ರದ, ಅದರ ಮೇಲೆ ನಿತ್ಯದ ಬಳಕೆಗೆ ತುಸು ಹೆಚ್ಚಿಗೆಯ ಸ್ವಾಪ್ ಇರಲೇಬೇಕು. ಪಾರ್ಟಿಷನ್ನಿನ ಬದಲು ಫೈಲನ್ನು ಇಟ್ಟಿದ್ದರೆ, ಯಂತ್ರವು ಏಳುವಾಗ ಆ ಫೈಲು ಡಿಸ್ಕಿನ ಯಾವ ಸ್ಥಾನದಲ್ಲಿ ಆರಂಭವಾಗುತ್ತದೆಂಬ ಸಂಖ್ಯೆಯನ್ನೂ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೆ ಮೊದಲೇ ತಿಳಿಸಿರಬೇಕು. 4 ಗಿಗಾಬೈಟಿನ ಗಣಕವೊಂದಕ್ಕೆ ಗುಮ್ಮಘಟ್ಟದಲ್ಲಿ ಯಾರಾದರೂ ನನ್ನ ಅಭಿಪ್ರಾಯವನ್ನು ಕೇಳಿದರೆ, ನಾನು ಹೇಳುವುದು 6 ಗಿಗಾಬೈಟಿನ ಸ್ವಾಪನ್ನು.